ಬೀರುವಿನಲ್ಲಿ ಬೀಗ ಹಾಕಿದ ಸೋಪು

ಕೊರೊನಾದ ಆ ದಿನಗಳಲ್ಲಿ ನಿಮ್ಮ ಮನೆಯಲ್ಲೂ ಕೈ ತೊಳೆಸುವ ಅಧಿಕಾರಿಯೊಬ್ಬರು ಹುಟ್ಟಿಕೊಂಡಿರಬಹುದು. ಹಲಸೂರಿನ ನಮ್ಮ ವಠಾರದ ಮನೆಯಲ್ಲಿ ಆ ಹುದ್ದೆ ದೊಡ್ಡಮ್ಮನದು. ನನಗಾಗ ಹನ್ನೆರಡು ವರ್ಷ. ಚಿಕ್ಕಮ್ಮ ಬಾಣಂತನಕ್ಕೆ ನಮ್ಮಲ್ಲಿಗೇ ಬಂದಿದ್ದಳು. ಮನೆ ತುಂಬ ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ ಒಗ್ಗರಣೆ, ಮೆಣಸಿನ ಸಾರಿನ ಘಾಟು. ಶಾಲೆಯಿಲ್ಲ, ಬೀದಿಯಲ್ಲಿ ಕುಂಟೆಬಿಲ್ಲೆಯಿಲ್ಲ. ನನಗಿದ್ದದ್ದು ಒಂದೇ ಆಸೆ, ಆ ಪಾಪುವನ್ನು ಒಂದು ಸಲ ಎತ್ತಿಕೊಳ್ಳಬೇಕು.

ದೊಡ್ಡಮ್ಮನ ಕಾನೂನೇ ಬೇರೆ. ಔಷಧಿ ವಾಸನೆಯ ಕೆಂಪು ಸೋಪಿನಲ್ಲಿ ಕೈ ತೊಳೆದವರು ಮಾತ್ರ ಪಾಪುವನ್ನು ಮುಟ್ಟಬೇಕು. ಇದ್ದದ್ದು ಒಂದೇ ಸೋಪು, ಅದೂ ಬೀರುವಿನಲ್ಲಿ ರೇಷ್ಮೆ ಸೀರೆಗಳ ಪಕ್ಕ, ಬೀಗದೊಳಗೆ. ಅಮ್ಮನಿಗೂ ಚಿಕ್ಕಮ್ಮನಿಗೂ ತಾನೇ ತೆಗೆದುಕೊಟ್ಟು ಕೂಡಲೇ ವಾಪಸು ಇಸಿದುಕೊಳ್ಳುತ್ತಿದ್ದಳು. ಮಕ್ಕಳು ಕರಗಿಸಿಬಿಡುತ್ತಾರೆಂದು ನನಗೆ ಮಾತ್ರ ಇಲ್ಲ. ನನ್ನ ಪಾಲಿಗೆ ವಠಾರದ ನಲ್ಲಿಯ ಹತ್ತಿರ, ಒಗೆಯುವ ಕಲ್ಲಿನ ಮೇಲಿದ್ದ ಬಾರ್ ಸೋಪಿನ ತುಂಡು. ಅದರಲ್ಲಿ ತೊಳೆದೂ ತೊಳೆದೂ ಅಂಗೈ ಸುಲಿದಿತ್ತು.

"ನೋಡು ದೊಡ್ಡಮ್ಮ, ಎಷ್ಟು ಕ್ಲೀನಾಗಿದೆ!"

"ಬಟ್ಟೆ ಸೋಪಲ್ಲಿ ಬಟ್ಟೆ ಕ್ಲೀನಾಗುತ್ತೆ ಕಣೇ, ವೈರಸ್ ಸಾಯಲ್ಲ. ಆಚೆ ನಡಿ."

ಇದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಮೈಯೆಲ್ಲ ಉರಿಯುತ್ತಿದ್ದದ್ದು ಅವಳು ಕೈ ತೊಳೆಯುವುದನ್ನು ನೋಡಿ. ಸವೆದುಹೋದೀತೆಂದು ಸೋಪಿನ ಮೇಲೆ ಬೆರಳು ಒಂದು ಸಲ ಸವರಿ, ನೊರೆ ಬರುವ ಮೊದಲೇ ನೀರು ಹೊಯ್ದುಕೊಳ್ಳುತ್ತಿದ್ದಳು. ಆಮೇಲೆ ಸೋಪಿಗೆ ಮಾತ್ರ ಭಾರೀ ಉಪಚಾರ, ಬಟ್ಟೆಯಲ್ಲಿ ಒರೆಸಿ ಒರೆಸಿ ಒಳಗಿಡುವುದು. ಉಗುರಿನ ಸಂದಿಯಲ್ಲಿ ಬೆಳಗಿನ ಅರಿಶಿನ ಹಾಗೇ ಇರುತ್ತಿತ್ತು. ಆ ಕೈಯಲ್ಲೇ ಪಾಪುವಿನ ಕೆನ್ನೆ ಹಿಂಡುತ್ತಿದ್ದಳು.

ಒಂದು ಬೆಳಿಗ್ಗೆ ಬಾಣಂತಿಯನ್ನು ವಿಚಾರಿಸಲು ಆಶಾ ಕಾರ್ಯಕರ್ತೆ ಬಂದರು. ನಾನು ಬಾಗಿಲಲ್ಲೇ ದೂರು ಕೊಟ್ಟೆ.

"ಯಾವ ಸೋಪಾದ್ರೂ ಆಗುತ್ತಮ್ಮಾ," ಎಂದರು ಅವರು. "ಬೆರಳ ಸಂದಿ, ಉಗುರು ಎಲ್ಲಾ ಇಪ್ಪತ್ತು ಎಣಿಸೋವರ್ಗೂ ಉಜ್ಜಬೇಕು, ಅಷ್ಟೆ."

"ಹಂಗೇ ಮಾಡ್ತೀವಿ ಮೇಡಂ," ಎಂದು ದೊಡ್ಡಮ್ಮ ತಲೆಯಾಡಿಸಿ ಕಳಿಸಿದಳು. ನಾನು ನಲ್ಲಿಗೆ ಓಡಿದೆ. ಇಪ್ಪತ್ತಲ್ಲ, ನಲವತ್ತು ಎಣಿಸಿ ಉಜ್ಜಿದೆ. ಒದ್ದೆ ಕೈ ಎಲ್ಲಿಗೂ ತಾಗಿಸದೆ ಒಳಗೆ ಬಂದರೆ ಚಿಕ್ಕಮ್ಮ ನಗುತ್ತಾ ಪಾಪುವನ್ನು ಮುಂದೆ ಚಾಚಿಯೇ ಬಿಟ್ಟಳು. ದೊಡ್ಡಮ್ಮ ನಡುವೆ ಬಂದು ನಿಂತಳು.

"ಅವ್ರು ಎಲ್ಲರ ಮನೇಲೂ ಹಂಗೇ ಹೇಳ್ತಾರೆ. ಈ ಮನೇಲಿ ನಾನು ಹೇಳಿದ್ದೇ."

ಅಮ್ಮ ತನ್ನ ಅಕ್ಕನಿಗೆ ಎದುರಾಡಿದವಳಲ್ಲ. ಚಿಕ್ಕಮ್ಮನೂ ಪಾಪುವನ್ನು ಹಿಂದಕ್ಕೆ ತೆಗೆದುಕೊಂಡಳು. ಸಿಟ್ಟಿಗೆ ನನಗೆ ಅಳು ಬಂತು.

ಮೂರು ತಿಂಗಳಾದ ಮೇಲೆ ಚಿಕ್ಕಪ್ಪ ಚಿಂತಾಮಣಿಯಿಂದ ಕಾರು ಮಾಡಿಕೊಂಡು ಬಂದು ಇಬ್ಬರನ್ನೂ ಕರೆದುಕೊಂಡು ಹೋದರು. ಆಮೇಲೆ ಬೀರು ತೆಗೆದಾಗ ನೋಡಿದೆ, ಆ ಸೋಪಿನ ಮೇಲಿನ ಹೆಸರು ಕೂಡ ಪೂರ್ತಿ ಅಳಿಸಿರಲಿಲ್ಲ. ಮತ್ತೆ ಲಾಕ್‌ಡೌನು, ಅದು ಇದು ಅಂತ ಅವರು ಬರುವಷ್ಟರಲ್ಲಿ ಪಾಪು ಮನೆಯೆಲ್ಲ ಓಡಾಡುತ್ತಿದ್ದ, ಹಿಡಿಯಲು ಹೋದರೆ ಕೊಸರಿಕೊಳ್ಳುತ್ತಿದ್ದ.

ಈಗ ದೊಡ್ಡಮ್ಮ ಸಿಕ್ಕಿದ ಸೋಪಿನಲ್ಲಿ ಕೈ ತೊಳೆಯುತ್ತಾಳೆ, ಒಮ್ಮೊಮ್ಮೆ ಅದೂ ಇಲ್ಲ. ಮೊನ್ನೆ ರಜೆಗೆ ಬಂದ ಹುಡುಗನನ್ನು "ಬಾರೋ, ಎತ್ಕೋತೀನಿ," ಎಂದು ಕರೆದೆ. "ನಾನೇನ್ ಪಾಪೂನಾ?" ಎಂದು ಓಡಿಹೋದ. ಪಾಪುವಾಗಿದ್ದಾಗ ಎಷ್ಟು ಭಾರವಿದ್ದ ಎಂದು ಮನೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನನ್ನ ಕೈಗೆ ಮಾತ್ರ ಅದು ಗೊತ್ತಿಲ್ಲ.