ಪ್ಲಾಸ್ಟಿಕ್ ಹುಲ್ಲಿನ ಮೇಲೆ ಒಣಗಿದ ಸಂಡಿಗೆ

ಚಿಕ್ಕಮಲ್ಲಮ್ಮನವರ ಪಾದಗಳಿಗೆ ಸ್ಪರ್ಶ ತಿಳಿಯದಂತಾಗಿ ಎರಡು ವರ್ಷವಾಗಿತ್ತು. ಸಕ್ಕರೆ ಕಾಯಿಲೆ ಇರುವುದು ಮನೆಗೆಲ್ಲ ಗೊತ್ತಿತ್ತು, ಹೊತ್ತು ಹೊತ್ತಿಗೆ ಮಾತ್ರೆ ನುಂಗುವುದೂ ಗೊತ್ತಿತ್ತು. ಆದರೆ ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟರೆ ಹತ್ತಿಯ ಮೇಲೆ ಇಟ್ಟ ಹಾಗಾಗುತ್ತದೆ ಎಂಬುದನ್ನು ಅವರು ಯಾರಿಗೂ ಹೇಳಿರಲಿಲ್ಲ. ಸ್ನಾನಕ್ಕೆ ಸುರಿದುಕೊಂಡ ಬಿಸಿನೀರು ಮೊಣಕಾಲಿನವರೆಗೆ ಬಿಸಿಯಾಗಿರುತ್ತಿತ್ತು, ಪಾದಕ್ಕೆ ಇಳಿಯುವಾಗ ಬರೀ ನೀರಾಗಿರುತ್ತಿತ್ತು. ಇದನ್ನೆಲ್ಲ ಅವರು ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ.

ಮುಚ್ಚಿಡಲು ಕಾರಣವಿತ್ತು. ತೆರಕಣಾಂಬಿಯಲ್ಲಿದ್ದ ಅವರ ಅಕ್ಕನಿಗೂ ಇದೇ ಕಾಯಿಲೆ. ಹೆಬ್ಬೆರಳಿನ ಒಂದು ಗಾಯದಿಂದ ಶುರುವಾದದ್ದು ಮೊಣಕಾಲಿನವರೆಗೆ ಕತ್ತರಿಸಿದ ಮೇಲೆ ನಿಂತಿತು. ಆಮೇಲೆ ಆರು ವರ್ಷ ಆಕೆ ಜಗಲಿಯ ಮೇಲೆ ಕೂತಿದ್ದರು. ಬಾಯಾರಿಕೆ ಇಲ್ಲದಿದ್ದರೂ ದಾರಿಯಲ್ಲಿ ಹೋಗುವವರನ್ನು ಕರೆದು ಒಂದು ಲೋಟ ನೀರು ಕೇಳುತ್ತಿದ್ದರಂತೆ. ಕಾಲಿನ ಮಾತೆತ್ತಿದರೆ ತನ್ನನ್ನೂ ಹಾಗೆ ಕೂರಿಸುತ್ತಾರೆ ಎಂದು ಚಿಕ್ಕಮಲ್ಲಮ್ಮನವರಿಗೆ ಭಯ. ಬೇರೆ ಯಾವ ಭಯವೂ ಅವರಿಗಿದ್ದಂತೆ ನಾನು ಕಾಣೆ.

ಚಾಮರಾಜನಗರದಲ್ಲಿ ನಮ್ಮ ಮನೆ ಅವರ ಮನೆಗೆ ಎದುರು. ಅವರ ಯಜಮಾನರು ನೀಲಕಂಠಸ್ವಾಮಿಯವರು ಬಹಳ ಕಾಲ ಅರಿಸಿನದ ವ್ಯಾಪಾರ ಮಾಡಿ ಈಗ ಬಿಟ್ಟಿದ್ದಾರೆ. ಮಗ ರಾಜಶೇಖರ್ ಗುಂಡ್ಲುಪೇಟೆಯಲ್ಲಿ ಅಂಗಡಿ ಇಟ್ಟಿದ್ದಾನೆ. ತಂತಿಬೇಲಿ, ನೆರಳುಬಲೆ, ಪ್ಲಾಸ್ಟಿಕ್ ಹುಲ್ಲು ಅವನ ಸರಕು. ಕಾಡಂಚಿನ ಹೋಂಸ್ಟೇಗಳವರು ಹುಲ್ಲಿನ ಸುರುಳಿಗಳನ್ನು ಒಯ್ಯುತ್ತಾರೆ, ಈಚೆಗೆ ಮನೆ ಕಟ್ಟುವವರೂ ಕೇಳುತ್ತಾರೆ. ಸೊಸೆ ಭಾಗ್ಯ ಶಾಲೆಯಲ್ಲಿ ಟೀಚರ್. ಆದ್ದರಿಂದ ಅಡಿಗೆಮನೆ ಇಂದಿಗೂ ಅತ್ತೆಯದೇ. ಮೊಮ್ಮಗಳು ಕಾವ್ಯಶ್ರೀ ಮೂರನೇ ಕ್ಲಾಸು.

ಮನೆಯ ಮುಂದೆ ಇಪ್ಪತ್ತಡಿ ಅಗಲದ ಅಂಗಳವಿದೆ. ಮೊದಲು ಅದರಲ್ಲಿ ಗರಿಕೆ, ಅಣ್ಣೆಸೊಪ್ಪು, ಮುಟ್ಟಿದರೆ ಮುನಿ ಎಲ್ಲ ಬೆಳೆದಿದ್ದವು. ರಾಜಶೇಖರ್ ಒಮ್ಮೆ ನಿಜವಾದ ಹುಲ್ಲುಹಾಸು ಹಾಕಿಸಿ ನೋಡಿದ್ದ. ಬೋರ್‌ವೆಲ್ ನೀರೆಲ್ಲ ಅದಕ್ಕೇ ಹೋಗಿ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವಂತಾಗಿ, ಕೊನೆಗೆ ಅದೂ ಒಣಗಿತು. ಪಕ್ಕದ ಖಾಲಿ ಸೈಟಿನಿಂದ ಹಾವು ಬಂದದ್ದು ಎರಡು ಸಲ. ಹೋದ ದೀಪಾವಳಿ ಕಳೆದ ಮೇಲೆ ಅವನು ಪ್ಲಾಸ್ಟಿಕ್ ಹುಲ್ಲು ತಂದ. ಹಾಸಲು ಬಂದವನು ರಾಚಯ್ಯ, ಅವನ ಅಂಗಡಿಯ ಕೆಲಸಗಾರ. ನೆಲ ಕೆರೆದು, ಜಲ್ಲಿಪುಡಿ ಹಾಕಿ ಬಡಿದು ದಮ್ಮಸ್ಸು ಮಾಡಿ, ಮೇಲೆ ಸುರುಳಿ ಬಿಚ್ಚುತ್ತ ಅವನು ಚಿಕ್ಕಮಲ್ಲಮ್ಮನವರನ್ನು ರೇಗಿಸಿದ.

"ಅಮ್ಮಾವ್ರೇ, ಈ ಹುಲ್ಲ ದನ ತಿನ್ನಾಕಿಲ್ಲ, ಕಳ ಬೆಳಿಯಾಕಿಲ್ಲ, ಕೂಲಿಯೋರು ಬರಾಕಿಲ್ಲ. ಇನ್ಮೇಲ ನಿಮ್ಗ ಬೈಯಾಕ ಯಾರೂ ಸಿಕ್ಕಾಕಿಲ್ಲ ಬುಡಿ."

"ನೀನಿದ್ದಿಯಲ್ಲ, ಸಾಕು," ಎಂದರು ಇವರು.

ಹುಲ್ಲಿನಿಂದ ಅನುಕೂಲವಾದದ್ದು ಸುಳ್ಳಲ್ಲ. ಮಳೆ ಬಂದರೆ ಕೆಸರು ಒಳಗೆ ಬರುವುದು ನಿಂತಿತು. ಕಾವ್ಯಶ್ರೀ ಬಿದ್ದರೆ ಮೊಣಕಾಲು ತರಚುತ್ತಿರಲಿಲ್ಲ. ಬಗ್ಗಿ ಕಳೆ ಕೀಳುವ ಕೆಲಸ ತಪ್ಪಿತು. ಹಾವು ಬರಲಿಲ್ಲ. ಗುಬ್ಬಿಗಳು ಮೊದಲ ವಾರ ಬಂದು ಕುಕ್ಕಿ ನೋಡಿ, ಆಮೇಲೆ ಅವೂ ಬರಲಿಲ್ಲ. ಬೀದಿನಾಯಿ ಉಚ್ಚೆ ಹೊಯ್ದರೆ ಮಣ್ಣಿನಂತೆ ಅದು ಹೀರಿಕೊಳ್ಳುವುದಿಲ್ಲ, ಬಕೆಟ್ಟುಗಟ್ಟಲೆ ನೀರು ಸುರಿಯಬೇಕು. ಹಬ್ಬಕ್ಕೆ ಗರಿಕೆ ಬೇಕೆಂದರೆ ಖಾಲಿ ಸೈಟಿಗೆ ಹೋಗಬೇಕು. ಇವೆಲ್ಲ ಸಣ್ಣವು. ರಾಜಶೇಖರ್ ಭಾನುವಾರಗಳಂದು ಗಿರಾಕಿಗಳನ್ನು ಕರೆತಂದು ಅಂಗಳ ತೋರಿಸುತ್ತಿದ್ದ. ಅವನು ಮೋಸಗಾರನಲ್ಲ, ಇರುವುದನ್ನೇ ಹೇಳುತ್ತಿದ್ದ. ಬೇಸಿಗೆಯ ಮಧ್ಯಾಹ್ನ ಇದು ಕಾಯುತ್ತದೆ, ನೀರು ಚಿಮುಕಿಸಿ, ಇಲ್ಲವೇ ಚಪ್ಪಲಿ ಹಾಕಿಕೊಂಡು ಓಡಾಡಿ ಎಂದು ಅವನು ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಅವ್ವನಿಗೆ ಅದನ್ನು ಹೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಅವ್ವ ಗಿರಾಕಿಯಲ್ಲವಲ್ಲ.

ಯುಗಾದಿ ಕಳೆದು ಬಿಸಿಲೇರಿದಾಗ ಸಂಡಿಗೆಯ ಕೆಲಸ ಶುರುವಾಯಿತು. ಚಿಕ್ಕಮಲ್ಲಮ್ಮನವರ ಅಕ್ಕಿಸಂಡಿಗೆ ನಮ್ಮ ಬೀದಿಗೆಲ್ಲ ಗೊತ್ತು. ನೆಂಟರಿಷ್ಟರಿಗೆ, ಮಠಕ್ಕೆ, ಅಕ್ಕಪಕ್ಕದವರಿಗೆ ಎಂದು ಪ್ರತಿವರ್ಷ ಎರಡು ಡಬ್ಬಿ ಹೆಚ್ಚೇ ಮಾಡುತ್ತಾರೆ. ಹಿಂದೆಲ್ಲ ತಾರಸಿಯ ಮೇಲೆ ಹಾಕುತ್ತಿದ್ದರು. ಹಾಕಿ ಮುಗಿಸಿ, ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಕಾಗೆ ಓಡಿಸುತ್ತಿದ್ದರು. ಈ ವರ್ಷ ಮೆಟ್ಟಿಲು ಹತ್ತಲು ಮೊಣಕಾಲು ಒಪ್ಪಲಿಲ್ಲ. ಅಂಗಳದ ಹುಲ್ಲಿನಲ್ಲಿ ಧೂಳಿಲ್ಲ, ಇರುವೆ ಇಲ್ಲ. ಹಳೆಯ ಪಂಚೆಗಳನ್ನು ಒದ್ದೆ ಮಾಡಿ ಅದರ ಮೇಲೆ ಹಾಸಿದೆವು. ಬೆಳಕು ಹರಿಯುವ ಮೊದಲೇ ಹಿಟ್ಟು ಕಾಸಿ, ಎಂಟು ಗಂಟೆಯೊಳಗೆ ಚಕ್ಕುಲಿ ಒರಳಿನಲ್ಲಿ ಒತ್ತಿ ಮುಗಿಸಿದೆವು.

ಮಧ್ಯಾಹ್ನ ಅವನ್ನು ಮಗುಚಿ ಹಾಕಬೇಕು. ತಿನ್ನುವ ಪದಾರ್ಥದ ನಡುವೆ ಚಪ್ಪಲಿ ಮೆಟ್ಟಿ ಓಡಾಡುವವರು ನಮ್ಮಲ್ಲಿ ಯಾರೂ ಇಲ್ಲ. ನಾನೂ ಚಪ್ಪಲಿಯನ್ನು ಗೇಟಿನ ಬಳಿ ಬಿಟ್ಟು ಹುಲ್ಲಿನ ಮೇಲೆ ಎರಡು ಹೆಜ್ಜೆ ಇಟ್ಟೆ. ಕಾದ ಕಾವಲಿಯ ಮೇಲೆ ಇಟ್ಟಂತಾಯಿತು. ಹಾರಿ ಮೆಟ್ಟಿಲಿಗೆ ಬಂದು ನಿಂತೆ. ಅವರು ಪಂಚೆಗಳ ನಡುವೆ ನಿಧಾನವಾಗಿ, ಒಂದೊಂದನ್ನೇ ಎತ್ತಿ ಮಗುಚುತ್ತಿದ್ದರು. ಅರ್ಧ ಗಂಟೆಯಾದರೂ ಆಗಿರಬೇಕು.

"ಕಾಲು ಸುಡಾಕಿಲ್ವ ಅಕ್ಕ?" ಎಂದೆ.

"ನಾಜೂಕಿನ ಕಾಲು ಕಣವ್ವ ನಿಂದು. ನಾವು ಹೊಲ್ದಲ್ಲಿ ತುಳ್ದೋರು," ಎಂದರು.

ನಾನು ನಂಬಿದೆ. ಹೊಲ ತುಳಿದ ಕಾಲು, ಬರಿಗಾಲಲ್ಲಿ ಬೆಟ್ಟ ಹತ್ತಿದ ಕಾಲು, ಅದಕ್ಕೇನಾಗುತ್ತದೆ ಎಂದುಕೊಂಡೆ. ಆ ಮನೆಯವರೂ ಹಾಗೆಯೇ ಅಂದುಕೊಂಡಿದ್ದರು. ನಮ್ಮ ಕಡೆ ದೊಡ್ಡವರ ಅಂಗಾಲನ್ನು ತಿರುಗಿಸಿ ನೋಡುವವರು ಯಾರಿದ್ದಾರೆ. ನಮಸ್ಕಾರ ಮಾಡುವಾಗ ಮುಟ್ಟುವುದು ಮೇಲ್ಭಾಗವನ್ನು.

ತಾರಸಿಯ ಮೇಲೆ ಮೂರು ದಿನ ಬೇಕಾಗಿದ್ದ ಸಂಡಿಗೆ ಇಲ್ಲಿ ಒಂದೂವರೆ ದಿನಕ್ಕೆ ಕಟಕಟ ಎಂದಿತು. ಅವರಿಗೆ ಸಂತೋಷವಾಯಿತು. ಒಂದು ತಟ್ಟೆ ಹಿಡಿದು ಮಗನಿಗೆ ತೋರಿಸಿ, ನಿನ್ನ ಹುಲ್ಲು ಪರವಾಗಿಲ್ಲ ಕಣಪ್ಪ ಎಂದರು. ರಾಜಶೇಖರ್ ಅದರ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ. ಅಷ್ಟು ಬೇಗ ಒಣಗಿದ್ದು ಯಾಕೆಂದು ಅವನೂ ಕೇಳಿಕೊಳ್ಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಐದು ದಿನ ಸಂಡಿಗೆ ಹಾಕಿದರು. ಐದು ಮಧ್ಯಾಹ್ನ ಮಗುಚಿದರು.

ಮೂರನೆಯ ದಿನ ಕಾವ್ಯಶ್ರೀ ಹಜಾರದ ಟೈಲ್ಸಿನ ಮೇಲೆ ಒದ್ದೆ ಗುರುತು ನೋಡಿ, ಅಜ್ಜಿ ಕಾಲು ಒರೆಸಿಕೊಂಡಿಲ್ಲ ಎಂದು ದೂರಿದಳಂತೆ. ಭಾಗ್ಯ ಒರೆಸಿ ಹಾಕಿದಳು. ಅದು ನೀರಲ್ಲ, ಬೊಬ್ಬೆ ಒಡೆದದ್ದು. ಚಿಕ್ಕಮಲ್ಲಮ್ಮನವರಿಗೆ ಅದು ತಿಳಿದದ್ದು ಅಂದು ಸಂಜೆ, ಮಂಚದ ಮೇಲೆ ಕಾಲು ಮಡಚಿ ಕೂತಾಗ. ಬಲಗಾಲಿನ ಬೆರಳುಗಳ ಬುಡದಲ್ಲಿ ಚರ್ಮ ಸುಲಿದು ಜೋತಾಡುತ್ತಿತ್ತು. ನೋವಿರಲಿಲ್ಲ. ಬೇರೆ ಯಾರದೋ ಕಾಲು ನೋಡಿದ ಹಾಗಾಯಿತು ಎಂದು ನನಗೆ ಹೇಳಿದರು. ಅರಿಸಿನವನ್ನು ಕೊಬ್ಬರಿಎಣ್ಣೆಯಲ್ಲಿ ಕಲಸಿ ಮೆತ್ತಿ, ಹಳೆ ಸೀರೆಯ ಚೂರು ಸುತ್ತಿದರು. ಮರುದಿನ ಅದನ್ನು ಬಿಚ್ಚಿ ಮತ್ತೆ ಹುಲ್ಲಿಗಿಳಿದರು. ಉಳಿದ ಹಿಟ್ಟು ಹಾಳಾಗಬಾರದಲ್ಲ.

ಸಂಡಿಗೆ ಡಬ್ಬಿಗೆ ಸೇರಿದ ಮೇಲೂ ಅವರು ಒಂದು ವಾರ ಹಾಗೆಯೇ ನಡೆಸಿದರು. ಕೊನೆಗೆ ವಾಸನೆ ಹೇಳಿತು. ರಾಜಶೇಖರ್ ಮೊಣಕಾಲೂರಿ ಕೂತು, ಅವ್ವ ಬೇಡ ಬೇಡ ಎನ್ನುತ್ತಿದ್ದರೂ ಬಟ್ಟೆ ಬಿಚ್ಚಿದ. ನೋಡಿದ. ಎದ್ದು ಕಾರಿನ ಕೀಲಿ ತೆಗೆದುಕೊಂಡ.

ದೊಡ್ಡಾಸ್ಪತ್ರೆಯ ಡಾಕ್ಟರು ಏನು ತುಳಿದಿರಿ ಎಂದು ಕೇಳಿದರು. ಚಿಕ್ಕಮಲ್ಲಮ್ಮನವರು ಒಲೆಯ ಕೆಂಡ ಎಂದರು. ಮನೆಯಲ್ಲಿ ಸೌದೆ ಒಲೆ ಉರಿಸಿ ಹನ್ನೆರಡು ವರ್ಷವಾಗಿತ್ತು. ಮಗನ ಕಸುಬಿನ ಹೆಸರು ಡಾಕ್ಟರ ಕಾಗದದಲ್ಲಿ ಬರೆಯಿಸುವುದು ಅವರಿಗೆ ಬೇಕಿರಲಿಲ್ಲ. ರಾಜಶೇಖರ್ ಆ ಹೊತ್ತಿಗೆ ಬಾಯಿ ಬಿಡಲಿಲ್ಲ. ಅವ್ವನನ್ನು ವಾರ್ಡಿಗೆ ಸೇರಿಸಿ ಮನೆಗೆ ಬಂದಾಗ ಮಧ್ಯಾಹ್ನ ಒಂದು ಗಂಟೆ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವನು ಅಂಗಳದ ನಡುವೆ ಕುಕ್ಕರಗಾಲಲ್ಲಿ ಕೂತು, ಅಂಗೈಯನ್ನು ಹುಲ್ಲಿನ ಮೇಲೆ ಒತ್ತಿ ಹಿಡಿದ. ತಕ್ಷಣ ಕಿತ್ತುಕೊಂಡ. ಮತ್ತೆ ಒತ್ತಿದ. ಆಮೇಲೆ ಆಸ್ಪತ್ರೆಗೆ ವಾಪಸು ಹೋಗಿ ಇದ್ದದ್ದನ್ನು ಡಾಕ್ಟರಿಗೆ ಹೇಳಿದ.

ಬಲಗಾಲಿನ ಎರಡು ಬೆರಳು ಹೋದವು, ಕಿರುಬೆರಳು ಮತ್ತು ಅದರ ಪಕ್ಕದ್ದು. ನಾನು ನೋಡಲು ಹೋದಾಗ ಅವರು ಗೋಡೆಗೊರಗಿ ಕೂತು ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದ್ದರು. ಕಾದೆ. ಲಿಂಗವನ್ನು ಕರಡಿಗೆಗೆ ಸೇರಿಸಿದ ಮೇಲೆ, ನೋವಿದೆಯೇ ಎಂದು ಕೇಳಿದೆ. ಇಲ್ಲ ಎಂದರು. ಅತ್ತಿರಾ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ನೋವು ಬಂದಿದ್ದರೆ ಅಳಬಹುದಿತ್ತು ಎಂದು ಅವರೇ ಹೇಳಿ, ನನ್ನ ಮಗಳ ಪರೀಕ್ಷೆಯ ವಿಷಯ ಕೇಳಿದರು.

ಮನೆಗೆ ಕಳಿಸುವಾಗ ಡಾಕ್ಟರು ಒಂದು ಜೊತೆ ಮೆತ್ತನೆಯ ಚಪ್ಪಲಿ ಬರೆದುಕೊಟ್ಟರು. ಎದ್ದರೆ ಚಪ್ಪಲಿ, ಮನೆಯೊಳಗೂ ಚಪ್ಪಲಿ, ಅಡಿಗೆಮನೆಯಲ್ಲೂ. ಇಲ್ಲವಾದರೆ ಇನ್ನೊಂದು ಗಾಯಕ್ಕೆ ಇಡೀ ಪಾದ ಹೋಗುತ್ತದೆ ಎಂದು ರಾಜಶೇಖರನಿಗೂ ಅವರಿಗೂ ಎದುರಿಗೇ ಹೇಳಿದರು. ಚಿಕ್ಕಮಲ್ಲಮ್ಮನವರು ತಲೆಯಾಡಿಸಿ ಬಂದರು. ಚಪ್ಪಲಿ ಹೊಸಲಿನ ಹೊರಗೇ ಉಳಿಯಿತು.

ಲಿಂಗಪೂಜೆ ನಡೆಯುವ ಮನೆ, ಅನ್ನ ಬೇಯುವ ಮನೆ, ಅದರಲ್ಲಿ ಚಪ್ಪಲಿ ಮೆಟ್ಟಿ ತಿರುಗುವುದೆಂದರೆ ಅವರಿಗೆ ಆಗದು. ಎಡಗಾಲು ಚೆನ್ನಾಗಿದೆ, ಅದಕ್ಕೆ ಎಲ್ಲ ತಿಳಿಯುತ್ತದೆ ಎಂದು ವಾದಿಸಿದರು. ಭಾಗ್ಯ ಕೈಮುಗಿದು ಕೇಳಿಕೊಂಡಳು. ಮಗ ಮಾತು ಬಿಟ್ಟ. ನೀಲಕಂಠಸ್ವಾಮಿಯವರು ಮೆಲ್ಲಗೆ ಹೇಳುವ ಮನುಷ್ಯ. ಒಂದು ದಿನ ನಾನಿದ್ದಾಗಲೇ ಕೇಳಿದರು.

"ಲಿಂಗ ಇರದು ನಿನ್ ಕೊರಳಲ್ಲಿ. ಚಪ್ಪಲಿ ಮೆಟ್ಕಂಡು ಸಂತಗ ಓಗ್ವಾಗ ಅದ ಬಿಚ್ಚಿ ಗೂಟಕ್ಕ ನೇತಾಕ್ಬುಟ್ಟು ಓಯ್ತಿದ್ದಾ?"

ಆದರೂ ಅವರು ಚಪ್ಪಲಿ ಹಾಕಿಕೊಳ್ಳಲಿಲ್ಲ. ಬರಿಗಾಲಲ್ಲಿ, ಸ್ವಲ್ಪ ಓಲಿಕೊಂಡು, ಅಡಿಗೆಮನೆಗೂ ಹಜಾರಕ್ಕೂ ನಡೆಯುತ್ತಿದ್ದರು.

ಹುಲ್ಲನ್ನು ರಾಜಶೇಖರ್ ಒಬ್ಬನೇ ಕಿತ್ತ. ರಾಚಯ್ಯನನ್ನು ಕರೆಯಲಿಲ್ಲ. ಕೀಳಬೇಡ, ಮಗು ಆಡುತ್ತದೆ ಎಂದು ಅವ್ವ ಹೇಳಿದ್ದಕ್ಕೆ ಪೂರ್ವದ ಕಡೆ, ಮನೆಯ ನೆರಳು ಬೀಳುವಲ್ಲಿ ಒಂದು ತುಂಡು ಉಳಿಸಿದ. ಉಳಿದದ್ದರ ಕೆಳಗೆ ಬಿಗಿಯಾದ ಜಲ್ಲಿಪುಡಿ, ಅದರ ಕೆಳಗೆ ಉಸಿರುಕಟ್ಟಿದ ವಾಸನೆಯ ಮಣ್ಣು. ಎರೆಹುಳು ಒಂದೂ ಕಾಣಲಿಲ್ಲ. ಅಂಗಡಿಯಲ್ಲಿ ಅವನು ಈಗಲೂ ಹುಲ್ಲು ಮಾರುತ್ತಾನೆ, ಮನೆ ನಡೆಯುವುದು ಅದರಿಂದಲೇ. ಆದರೆ ಅಳತೆ ತೆಗೆದುಕೊಳ್ಳುವ ಮೊದಲು ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇದ್ದಾರೆಯೇ ಎಂದು ಕೇಳುತ್ತಾನಂತೆ. ಹುಲ್ಲು ಕೊಳ್ಳಲು ಬಂದವರು ಇದೇನು ಕೇಳುತ್ತಾನೆ ಎಂದು ಮುಖ ನೋಡುತ್ತಾರಂತೆ.

ಜೂನ್‌ನಲ್ಲಿ ತೋರಿಸಿಕೊಂಡು ಬರಲು ಹೇಳಿದ್ದರು. ಭಾಗ್ಯನಿಗೆ ಶಾಲೆ ಶುರುವಾಗಿತ್ತು, ಅವರ ಮತ್ತು ರಾಜಶೇಖರನ ಜೊತೆಗೆ ನಾನು ಹೋದೆ. ಗಾಯ ಮಾಗಿತ್ತು. ನರ್ಸ್ ಒಬ್ಬಳು ಸಣ್ಣ ಹಿಡಿಯ ತುದಿಯಲ್ಲಿ ನೈಲಾನ್ ಎಳೆ ಇದ್ದ ಒಂದು ಕಡ್ಡಿ ತಂದಳು. ಅದನ್ನು ಪಾದದ ಹತ್ತು ಜಾಗದಲ್ಲಿ ಒತ್ತುತ್ತೇನೆ, ತಿಳಿದಾಗ ಹೇಳಿ ಅಜ್ಜಿ ಎಂದಳು. ಚಿಕ್ಕಮಲ್ಲಮ್ಮನವರು ಅವಳ ಕೈಯನ್ನೇ ನೋಡುತ್ತಿದ್ದರು. ಎಳೆ ತಾಗುವ ಮೊದಲೇ ಹೂಂ ಎಂದರು. ಇನ್ನೊಂದಕ್ಕೂ ಹೂಂ. ಪಕ್ಕದಲ್ಲಿ ನಿಂತಿದ್ದ ರಾಜಶೇಖರ್ ಗೋಡೆಯ ಕಡೆ ತಿರುಗಿದ. ಎರಡು ವರ್ಷದಿಂದ ಎಲ್ಲರಿಗೂ ಹೀಗೆಯೇ ಹೂಂ ಎಂದಿದ್ದರು ಎಂದು ಅವನಿಗೆ ಆಗ ಅರ್ಥವಾಗಿರಬೇಕು.

ಅವರು ಮಗನ ಬೆನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸೆರಗನ್ನು ಮುಖಕ್ಕೆ ಎಳೆದುಕೊಂಡು ಕಣ್ಣು ಮುಚ್ಚಿದರು.

"ಮೊದ್ಲಿಂದ ಮಾಡವ್ವ. ಎಡಗಾಲಿಂದ," ಎಂದರು.

ನರ್ಸ್ ಎಡಗಾಲಿನ ಹೆಬ್ಬೆರಳಿಗೆ ಒತ್ತಿದಳು. ಎಳೆ ಬಾಗಿತು. ನಾವು ಕಾದೆವು. ಪಕ್ಕದ ಬೆರಳು, ಅದರ ಬುಡ, ನಡುಪಾದ, ಹಿಮ್ಮಡಿ. ಅವಳು ಬಲಗಾಲಿಗೆ ಬಂದು, ಅದನ್ನೂ ಮುಗಿಸಿ, ಕಡ್ಡಿಯನ್ನು ಡಬ್ಬಿಯಲ್ಲಿಟ್ಟು ಬರೆದುಕೊಳ್ಳತೊಡಗಿದಳು. ಸೆರಗಿನೊಳಗಿನಿಂದ ಚಿಕ್ಕಮಲ್ಲಮ್ಮನವರು ಕೇಳಿದರು.

"ಇನ್ನೂ ಸುರು ಮಾಡ್ನಿಲ್ವ ಮಗ?"

"ಮುಗೀತಜ್ಜಿ," ಎಂದಳು ಅವಳು.

ಅವರು ಸೆರಗು ಸರಿಸಿದರು. ಎರಡೂ ಪಾದಗಳನ್ನು ಒಂದಾದ ಮೇಲೊಂದರಂತೆ ನೋಡಿದರು.

"ರಾಜು, ಆ ಚಪ್ಪಲಿ ತಕ್ಕಂಡ್ ಬಾ," ಎಂದರು. ಅವನು ಬಾಗಿಲ ಹೊರಗಿನಿಂದ ತಂದು ಕೂತು ತೊಡಿಸಿದ. ಪಟ್ಟಿ ಬಿಗಿಯಾಯಿತೇ ಎಂದು ಕೇಳಲು ಬಾಯಿ ತೆರೆದು ಸುಮ್ಮನಾದ, ತನ್ನ ಬೆರಳನ್ನೇ ಪಟ್ಟಿಯೊಳಗೆ ತೂರಿಸಿ ನೋಡಿದ.

ಮನೆಗೆ ಬಂದು ಹೊಸಲಿನ ಬಳಿ ಅವರು ನಿಂತರು. ಕೊರಳಿನ ಕರಡಿಗೆಯನ್ನು ಒಮ್ಮೆ ಹಿಡಿದುಕೊಂಡರು. ನಂತರ ಚಪ್ಪಲಿ ಮೆಟ್ಟಿದ ಕಾಲಲ್ಲೇ ಒಳಗೆ ಹೋಗಿ, ರಾತ್ರಿಯ ಸಾರಿಗೆ ಬೇಳೆ ತೊಳೆಯಲು ಕೂತರು.