ಸ್ಟೂಲಮ್ಮ ಒರೆಸದೆ ಬಿಟ್ಟ ಸಾಲು

ಆ ಓಣಿಯಲ್ಲಿ ಯಾರನ್ನು ಕೇಳಿದರೂ ಸ್ಟೂಲಮ್ಮನ ಗುರುತು ಹೇಳುತ್ತಿದ್ದರು. ಕುಳ್ಳಗಿನ ಆಳು. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುವ ಕ್ಲಾಸಿತ್ತು. ಅದನ್ನು ಗುಡಿಸಿ ಒರೆಸುವ ಕೆಲಸ ಅವಳದು. ಅಲ್ಲಿನ ಕಪ್ಪು ಹಲಗೆಯ ಮೇಲ್ತುದಿ ಅವಳ ಕೈಗೆ ಎಟುಕುತ್ತಿರಲಿಲ್ಲ. ಅದಕ್ಕೇ ಒಂದು ಮರದ ಸ್ಟೂಲನ್ನು ಕಂಕುಳಲ್ಲಿ ಇರುಕಿಕೊಂಡು ಓಡಾಡುತ್ತಿದ್ದಳು. ಅದರ ಒಂದು ಕಾಲು ಗಿಡ್ಡ, ಕೆಳಗೆ ಮಡಿಸಿದ ರಟ್ಟು. ಒರೆಸುವಾಗ ಅದರ ಮೇಲೆ ಹತ್ತುವುದು, ಕ್ಲಾಸು ನಡೆಯುವಾಗ ಮೆಟ್ಟಿಲ ತುದಿಯಲ್ಲಿ ಅದರ ಮೇಲೆ ಕೂರುವುದು. ಹೆಸರಿಟ್ಟವರು ಕ್ಲಾಸಿನ ಮೇಷ್ಟ್ರು. ಆ ಹೆಸರಿನ ಬಗ್ಗೆ ಅವಳ ತಕರಾರೇನೂ ಇರಲಿಲ್ಲ.

ಅವಳ ಕೆಲಸಕ್ಕೆ ಒಂದು ಕ್ರಮವಿತ್ತು. ಮಧ್ಯಾಹ್ನ ನಾಲ್ಕಕ್ಕೆ ಬೀಗ ತೆಗೆದು ಮೊದಲು ಕಿಟಕಿ ತೆರೆಯುವಳು. ಹಲಗೆಗೆ ಮೇಲಿನಿಂದ ಕೆಳಕ್ಕೆ ಒಂದು ಸಲ ಒಣ ಬಟ್ಟೆ, ಒಂದು ಸಲ ಹಿಂಡಿದ ಬಟ್ಟೆ, ಮತ್ತೆ ಒಣ ಬಟ್ಟೆ. ಚಾಕ್ ಪುಡಿ ಪೂರ್ತಿ ನೆಲಕ್ಕಿಳಿದ ಮೇಲೆಯೇ ಕಸಬರಿಗೆ ಹಿಡಿಯುವುದು. ಬೆಂಚಿನ ಅಡಿಯಲ್ಲಿ ಯಾರೋ ಅಂಟಿಸಿಹೋದ ಚೂಯಿಂಗ್ ಗಮ್ಮನ್ನು ಹಳೆಯ ಚಮಚದಿಂದ ಕೆರೆಯುವಳು. ಇಷ್ಟೆಲ್ಲ ಮುಗಿದು, ಕೈಕಾಲು ತೊಳೆದು ಅವಳು ಸ್ಟೂಲಿನ ಮೇಲೆ ಕೂರುವ ಹೊತ್ತಿಗೆ ಐದೂವರೆ. ಮೇಷ್ಟ್ರು ಮೆಟ್ಟಿಲು ಹತ್ತುವುದೂ ಆಗಲೇ. ಹನ್ನೊಂದು ವರ್ಷದಲ್ಲಿ ಅವಳು ಕೆಲಸ ಮಾಡುವುದನ್ನು ಅವರು ಒಮ್ಮೆಯೂ ಕಂಡಿರಲಿಲ್ಲ. ಕಂಡದ್ದು ಕೂತಿರುವುದನ್ನು ಮಾತ್ರ.

ಮೂರು ತಿಂಗಳಿಗೊಂದು ಹೊಸ ತಂಡ ಬರುತ್ತಿತ್ತು. ಮೂರನೆಯ ದಿನ ವಾಕ್ಯ ಕಟ್ಟುವ ಪಾಠ. ಅದು ಸ್ಟೂಲಮ್ಮನಿಗೆ ಕೇಳಿ ಕೇಳಿ ಬಾಯಿಪಾಠವಾಗಿತ್ತು.

"ಇಂಗ್ಲಿಷ್ ವಾಕ್ಯ ಅಂದ್ರೆ ರೈಲು ಅಂದ್ಕೊಳ್ಳಿ. ಯಾರು ಅನ್ನೋದು ಕರ್ತೃಪದ, ಅದು ಇಂಜಿನ್ನು, ಮುಂದೆ ಇರ್ಬೇಕು. ಏನು ಮಾಡ್ತಾರೆ ಅನ್ನೋದು ಕ್ರಿಯಾಪದ. ಅದಿಲ್ದೆ ರೈಲಿಲ್ಲ. ಹೇಗೆ ಮಾಡ್ತಾರೆ ಅನ್ನೋದು ಕ್ರಿಯಾವಿಶೇಷಣ. ಅದನ್ನ ಕ್ರಿಯಾಪದದ ಮುಂದೂ ತಗಲಿಸ್ಬಹುದು, ವಾಕ್ಯದ ಕೊನೆಗೂ ತಗಲಿಸ್ಬಹುದು. ಕಳಚಿಟ್ರೂ ರೈಲು ಹೋಗುತ್ತೆ."

ಆಮೇಲೆ ಹಲಗೆಯ ಮೇಲೆ ಒಂದು ಸಾಲು ಬರೆಯುವರು. ಯಾರೋ ಅದನ್ನು ಗಟ್ಟಿಯಾಗಿ ಓದುವರು. ಅದರಲ್ಲಿ 'ಸ್ಟೂಲಮ್ಮ' ಎಂದು ಕೇಳಿಸುತ್ತಿದ್ದಂತೆ ಕೋಣೆಯೆಲ್ಲ ನಗು. ಹೊರಗೆ ಕೂತ ಅವಳೂ ನಗುತ್ತಿದ್ದಳು. ತನ್ನ ಹೆಸರು ಇಂಗ್ಲಿಷಿನೊಳಗೆ ಹೋಗಿ ಕೂತಿತಲ್ಲ ಎಂಬ ಹಿಗ್ಗು.

ಈ ಸಲದ ತಂಡದಲ್ಲಿ ಅವಳ ಸೊಸೆಯೂ ಇದ್ದಳು. ಒಂದು ಕ್ಲಿನಿಕ್ಕಿನಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಕೆಲಸ ಖಾಲಿಯಿತ್ತು. ಇಂಗ್ಲಿಷ್ ಮಾತಾಡಲು ಬಂದರೆ ಮಾತ್ರ ಕೊಡುತ್ತಾರಂತೆ, ಇನ್ನು ಹದಿನೈದು ದಿನಕ್ಕೆ ಇಂಟರ್‌ವ್ಯೂ. "ಕಳಿಸು, ಫೀಸ್ ಬೇಡ" ಎಂದು ಮೇಷ್ಟ್ರು ದೊಡ್ಡ ಮನಸ್ಸು ಮಾಡಿದ್ದರು.

ಮೂರನೆಯ ದಿನ ಓದಲು ಎಬ್ಬಿಸಿದ್ದು ಸೊಸೆಯನ್ನೇ. ಅವಳು ಎದ್ದು ನಿಂತಳು, ಹಲಗೆ ನೋಡಿದಳು, ತುಟಿ ಬಿಚ್ಚಲಿಲ್ಲ. ಪಕ್ಕದ ಬೆಂಚಿನ ಬಸ್ ಕಂಡಕ್ಟರ್ ಟಿಕೆಟ್ ಕೇಳುವ ದನಿಯಲ್ಲಿ ಓದಿದ, "ಸ್ಟೂಲಮ್ಮ ಲೇಜಿಲಿ ಕ್ಲೀನ್ಸ್ ದ ರೂಮ್." ಎಲ್ಲರೂ ನಕ್ಕರು. ಹೊರಗಿನಿಂದ ಸ್ಟೂಲಮ್ಮನೂ ನಕ್ಕಳು. ಆಗ ಬಾಗಿಲ ಸಂದಿಯಲ್ಲಿ ಸೊಸೆಯ ಮುಖ ಕಾಣಿಸಿತು. ನಗು ಅಲ್ಲಿಗೇ ನಿಂತಿತು.

ಮರುದಿನ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಒಗೆದ ದುಪ್ಪಟಿಯ ಎರಡು ತುದಿ ಹಿಡಿದು ಹಿಂಡುತ್ತಿದ್ದರು.

"ನಿನ್ನೆ ಯಾಕೆ ಬಾಯಿಗೆ ಬೀಗ ಹಾಕ್ಕೊಂಡು ನಿಂತಿದ್ದೆ?"

"ಓದೋಕೆ ಬರ್ಲಿಲ್ಲ ಅತ್ತೆ."

"ಮನೆ ತುಂಬ ಓದ್ಕೊಂಡು ಓಡಾಡ್ತೀಯ. ನನ್ನ ಹೆಸರಿರೋ ಸಾಲು ಮಾತ್ರ ಬರ್ಲಿಲ್ವಾ?"

"ನೀವು ಚೆನ್ನಾಗಿ ಕ್ಲೀನ್ ಮಾಡ್ತೀರ ಅಂತ ಬರೆದಿದ್ರು."

"ಚೆನ್ನಾಗಿ ಮಾಡಿದ್ದಕ್ಕೆ ಇಪ್ಪತ್ತು ಜನ ಹಲ್ಲು ಕಿಸೀತಾರೇನೇ?"

ಅತ್ತೆ ಇನ್ನೊಂದು ಸುತ್ತು ತಿರುಚಿದಳು. ದುಪ್ಪಟಿಯಿಂದ ನೀರು ಇಳಿಯಿತು, ಸೊಸೆಯ ಬಾಯಿಂದ ನಿಜವೂ ಇಳಿಯಿತು.

"ಸ್ಟೂಲಮ್ಮ ಸೋಮಾರಿ ಥರ ಕ್ಲೀನ್ ಮಾಡ್ತಾಳೆ ಅಂತ. ಹಳೇ ತಂಡದವರ ನೋಟ್ಸಲ್ಲೂ ಅದೇ ಇದೆ ಅತ್ತೆ."

ಸ್ಟೂಲಮ್ಮ ದುಪ್ಪಟಿಯನ್ನು ಹಗ್ಗದ ಮೇಲೆ ಹರವಿ ನಾಲ್ಕೂ ಮೂಲೆ ಎಳೆದು ಸರಿ ಮಾಡಿದಳು. ಅವರು ನಕ್ಕಿದ್ದಿರಲಿ, ಹನ್ನೊಂದು ವರ್ಷ ತಾನೂ ದನಿಗೂಡಿಸಿ ನಕ್ಕಿದ್ದೆನಲ್ಲ ಎಂಬುದು ಮುಳ್ಳಿನಂತೆ ಒಳಗೆ ಮುರಿದಿತ್ತು.

"ಅದ್ರಲ್ಲಿ ಸೋಮಾರಿ ಅನ್ನೋದು ಎಲ್ಲಿದೆ? ಬರ್ದು ತೋರ್ಸು."

ಸೊಸೆ ಒಗೆಯುವ ಕಲ್ಲಿನ ಮೇಲೆ ಒದ್ದೆ ಬೆರಳಿನಿಂದ ಆ ಒಂದು ಪದ ಬರೆದಳು. ನಡುವೆ ಹಾವು ಹೊರಳಿದಂಥ ಅಕ್ಷರ, ಕೊನೆಗೆ ಬಾಲವಿರುವ ಅಕ್ಷರ. ಆರುವ ಮೊದಲು ಸ್ಟೂಲಮ್ಮ ಎರಡು ಸಲ ನೋಡಿಕೊಂಡಳು.

"ಜಗಳ ಆಡ್ಬೇಡಿ ಅತ್ತೆ. ಸೀಟು ಹೋದ್ರೆ ಇಂಟರ್‌ವ್ಯೂನೂ ಹೋಯ್ತು."

"ಜಗಳ ಯಾರಾಡ್ತಾರೆ? ನಾನಾಗಿ ನಾನು ಬಾಯೇ ತೆಗೆಯಲ್ಲ."

ಅಂದು ನಾಲ್ಕಕ್ಕೆ ಅವಳು ಎಂದಿನಂತೆ ಹಲಗೆ ಒರೆಸಿದಳು. ಆ ಒಂದು ಸಾಲನ್ನು ಮಾತ್ರ ಬಿಟ್ಟಳು. ಸುತ್ತ ಕನ್ನಡಿಯಂಥ ಕಪ್ಪು, ನಡುವೆ ಆ ಸಾಲು, ಚೌಕಟ್ಟು ಹಾಕಿ ತೂಗುಹಾಕಿದ ಫೋಟೋದಂತೆ.

"ಸ್ಟೂಲಮ್ಮ, ಇದನ್ನ ಒರೆಸೋದು ಮರೆತ್ಯಾ?" ಮೇಷ್ಟ್ರು ಕರೆದರು.

ಅವಳು ಸ್ಟೂಲು ಹಿಡಿದೇ ಒಳಗೆ ಬಂದಳು. "ಮರೀಲಿಲ್ಲ. ಬರೆದವರೇ ಒರೆಸ್ಲಿ ಅಂತ ಬಿಟ್ಟೆ."

ಮೇಷ್ಟ್ರ ಕಣ್ಣು ಸೊಸೆಯ ಕಡೆ ಹೋಗಿ ಬಂತು. "ಅದು ಉದಾಹರಣೆ ಅಷ್ಟೇ ಕಣಮ್ಮ. ನಿನಗಂದಿದ್ದಲ್ಲ."

"ಹೆಸರು ನನ್ನದು ತಾನೆ? ಹೆಸರು ನೀವಿಟ್ಟಿದ್ದು, ಇರ್ಲಿ. ಕ್ಲೀನ್ ಮಾಡೋದೂ ನಿಜ, ಬರೀರಿ. ಹೇಗೆ ಮಾಡ್ತೀನಿ ಅನ್ನೋದನ್ನ ಬರೆಯೋಕೆ ನೀವು ಯಾವತ್ತು ನೋಡಿದ್ರಿ ಮೇಷ್ಟ್ರೇ? ನಾಲ್ಕು ಗಂಟೆಗೆ ಒಂದಿನ ಬಂದಿದೀರಾ?"

ಇಡೀ ಕ್ಲಾಸು ಅವರತ್ತ ತಿರುಗಿತು. ಮೇಷ್ಟ್ರಿಗೆ ಅದೇ ಅವಮಾನವಾಯಿತು.

"ನೋಡು, ಒರೆಸು. ಇಲ್ದಿದ್ರೆ ನಾಳೆಯಿಂದ ನೀನೂ ಬರ್ಬೇಡ, ನಿನ್ನ ಸೊಸೇನೂ ಬರೋದು ಬೇಡ."

ಸ್ಟೂಲಮ್ಮನ ಕೈ ಸೊಂಟಕ್ಕೆ ಸಿಕ್ಕಿಸಿದ್ದ ಒರೆಸುವ ಬಟ್ಟೆಯ ಮೇಲೆ ಹೋಯಿತು. ತನ್ನ ಕೆಲಸ ಹೋದರೆ ಹೋಗಲಿ, ಇದು ಆ ಹುಡುಗಿಯ ಅನ್ನದ ಮಾತು. ಅವಳು ಸೊಸೆಯತ್ತ ತಿರುಗಿದಳು. ಹೂಂ ಅಂದಿದ್ದರೆ ಸ್ಟೂಲು ಹತ್ತಿ ಒರೆಸಿಯೇ ಬಿಡುತ್ತಿದ್ದಳು. ಸೊಸೆ ನೋಟ್‌ಬುಕ್ ಮುಚ್ಚಿ, ಪೆನ್ನಿಗೆ ಮುಚ್ಚಳ ಹಾಕಿ, ಎದ್ದು ಬಂದು ಅತ್ತೆಯ ಪಕ್ಕ ನಿಂತಳು.

"ಬೇಡ ಅತ್ತೆ. ನೀವು ಒರೆಸ್ಬೇಡಿ."

ಯಾರೂ ಪುಸ್ತಕ ತೆರೆಯಲಿಲ್ಲ. ಕೊನೆಗೆ ಕಂಡಕ್ಟರ್ ಕೆಮ್ಮಿದ. "ನಿನ್ನೆ ಮೊದಲು ನಕ್ಕೋನು ನಾನೇ ಸಾರ್. ಆದ್ರೆ ನಮಗೂ ಹೀಗೇ. ಬಸ್ಸು ಆಮೆ ಥರ ಬಂತು ಅಂತ ಬೈಯೋರು ಒಂದಿನಾನೂ ನಮ್ಮ ಜೊತೆ ನಿಂತ್ಕೊಂಡು ಬಂದಿರಲ್ಲ. ಹೇಗೆ ಅನ್ನೋದನ್ನ ಕಳಚಿಟ್ರೂ ರೈಲು ಹೋಗುತ್ತೆ ಅಂದ್ರಲ್ಲ ಸಾರ್, ಕಳಚಿಬಿಡಿ."

ಯಾರೋ ಕಿಸಕ್ಕೆಂದರು. ಈ ಸಲದ ನಗು ಸ್ಟೂಲಮ್ಮನ ಮೇಲಿರಲಿಲ್ಲ. ಮೇಷ್ಟ್ರು ಡಸ್ಟರ್ ತೆಗೆದುಕೊಂಡು, ಬೆನ್ನು ತಿರುಗಿಸಿ, ಇಡೀ ಸಾಲನ್ನು ಒರೆಸಿದರು. ತಪ್ಪಾಯಿತು ಅನ್ನಲಿಲ್ಲ. ನಾಳೆ ಬರಬೇಡಿ ಎಂದು ಮತ್ತೆಯೂ ಅನ್ನಲಿಲ್ಲ. ಸ್ಟೂಲಮ್ಮ ಹೊರಗೆ ಹೋಗಿ ಎಂದಿನ ಜಾಗದಲ್ಲಿ ಕೂತಳು. ಸೊಸೆ ತನ್ನ ಬೆಂಚಿಗೆ ಹೋಗಿ ನೋಟ್‌ಬುಕ್ ತೆರೆದಳು.

ಮನೆಗೆ ಹೋಗುವ ದಾರಿಯಲ್ಲಿ ಸ್ಟೂಲಮ್ಮ ಕೇಳಿದಳು, "ಆಮೇಲೆ ಏನು ಬರೆದ್ರು?"

"ಪೀಟರ್ ಸೋಮಾರಿ ಥರ ನಡೀತಾನೆ ಅಂತ."

"ಯಾರವನು ಪೀಟರ್?"

"ಯಾರೂ ಅಲ್ಲ ಅತ್ತೆ. ಸುಮ್ನೆ ಒಂದು ಹೆಸರು."

"ಹೆಸರಿದ್ಮೇಲೆ ಯಾರೋ ಒಬ್ಬ ಇದ್ದೇ ಇರ್ತಾನೆ. ಅವನಿಗೆ ಕಾಲುನೋವೋ ಏನೋ, ಇವರೇನು ಕೇಳಿದ್ರಾ?"

ಮರುದಿನ ನಾಲ್ಕಕ್ಕೆ ಬೀಗ ತೆಗೆದು, ಕಿಟಕಿ ತೆರೆದು, ಸ್ಟೂಲಿನ ಕಾಲಿಗೆ ರಟ್ಟು ಸಿಕ್ಕಿಸಿ ಹತ್ತಿದಳು. ಹಲಗೆ ಒರೆಸುತ್ತ ಹೋದಳು. ಪೀಟರನ ಸಾಲಿಗೆ ಬಂದಾಗ ನಡುವೆ ಹಾವು, ಕೊನೆಗೆ ಬಾಲ ಇರುವ ಪದವನ್ನು ಹುಡುಕಿ, ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಅದೊಂದನ್ನೇ ಒರೆಸಿ ತೆಗೆದಳು. ಪೀಟರನನ್ನೂ ಅವನ ನಡಿಗೆಯನ್ನೂ ಹಾಗೇ ಬಿಟ್ಟು ಕೆಳಗಿಳಿದಳು.