ಗೆಡ್ಡೆ ಮೇಷ್ಟ್ರ ನೇರಳೆ ನೀರು

ಅವರ ನಿಜವಾದ ಹೆಸರು ಕಾಲೇಜಿನ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಎಲ್ಲರ ಬಾಯಲ್ಲೂ ಅವರು ಗೆಡ್ಡೆ ಮೇಷ್ಟ್ರು. ಜನ ಬೇಯಿಸಿ ತಿನ್ನುವ, ನಾಟಿ ವೈದ್ಯರು ಮದ್ದಿಗೆ ಬಳಸುವ ಗೆಡ್ಡೆ ಯಾವುದೇ ಇರಲಿ, ಅದನ್ನು ಹೆಚ್ಚಿ, ಒಣಗಿಸಿ, ಪುಡಿ ಮಾಡಿ, ಅದರ ಸಾರವನ್ನು ಪ್ರಯೋಗಶಾಲೆಯ ನೇರಳೆ ನೀರಿಗೆ ಹನಿಸುವುದು ಅವರ ಕೆಲಸ. ನೇರಳೆ ಮಾಸಿ ಹಳದಿಯಾದರೆ ಗೆಡ್ಡೆಯಲ್ಲಿ ಸತ್ವವಿದೆ. ಆಗದಿದ್ದರೆ ಅದು ಬರೀ ಹೊಟ್ಟೆ ತುಂಬಿಸುವ ಮಾಲು. "ಮೈಯೊಳಗೂ ತುಕ್ಕು ಹಿಡಿಯುತ್ತೆ ಕಣ್ರೀ, ಅದನ್ನ ತಡೆಯೋದೇ ಆಂಟಿಆಕ್ಸಿಡೆಂಟು," ಎಂದು ಬಸ್‌ಸ್ಟಾಪಿನಲ್ಲಿ ಸಿಕ್ಕವರಿಗೂ ಪಾಠ ಮಾಡುತ್ತಾರೆ. "ನಮ್ಮ ಗೇಟಿನ ಚಿಲಕಕ್ಕೂ ಒಂದು ಗೆಡ್ಡೆ ಹುಡುಕಿ," ಎನ್ನುತ್ತಾಳೆ ಹೆಂಡತಿ. ಅವರು ಉಗುರಿನಿಂದ ಗೀರಿ ನೋಡುತ್ತಾರೆಂದು ತರಕಾರಿಯವಳು ದೂರದಿಂದಲೇ ಕಂಡು ಗೆಣಸಿನ ಬುಟ್ಟಿಗೆ ಗೋಣಿ ಮುಚ್ಚುತ್ತಾಳೆ. ಯಾರು ಏನೇ ಹೇಳಲಿ, "ನನ್ನ ನೀರು ಒಪ್ಪಬೇಕು" ಎನ್ನುವುದೊಂದೇ ಅವರ ಮಾತು. ದೊಡ್ಡ ದೊಡ್ಡ ವೈದ್ಯರು ಅಟ್ಟಕ್ಕೇರಿಸಿದ ಎಷ್ಟೋ ಗೆಡ್ಡೆಗಳನ್ನು ಆ ನೀರು ನೆಲಕ್ಕಿಳಿಸಿದೆ. ಆದರೆ ಅವರ ಅಡುಗೆಮನೆಯಲ್ಲಿ ಒಂದು ಬಾಟಲಿ ಗೆಡ್ಡೆ ಪುಡಿಯಿದೆ. ಎಳವೆಯಲ್ಲಿ ಜ್ವರ ಬಂದು, ಡಾಕ್ಟರೂ ಕೈಚೆಲ್ಲಿದ ಮಗನನ್ನು ಉಳಿಸಿದ್ದು ಈ ಪುಡಿಯೇ ಎಂದು ನಂಬಿದ ಮೇಷ್ಟ್ರ ತಾಯಿ ಈಗಲೂ ತಾವೇ ಕುಟ್ಟಿ ಕಳಿಸುತ್ತಾರೆ. ಮೇಷ್ಟ್ರು ದಿನಾ ಬೆಳಗ್ಗೆ ಬಿಸಿನೀರಿಗೆ ಒಂದು ಚಮಚ ಕಲಸಿ, ಮುಖ ಕಿವುಚದೆ ಕುಡಿಯುತ್ತಾರೆ. "ಲೋಕದ ಗೆಡ್ಡೆಯನ್ನೆಲ್ಲ ಪರೀಕ್ಷೆ ಮಾಡ್ತೀರಿ, ಅತ್ತೆ ಪುಡಿ ಒಂದನ್ನ ಯಾಕ್ರೀ ಬಿಟ್ರಿ?" ಎಂದು ಮೊನ್ನೆ ಹೆಂಡತಿ ಕೇಳಿದಳು. ಮೇಷ್ಟ್ರು ಬಾಟಲಿಯ ಮುಚ್ಚಳವನ್ನು ಇನ್ನೊಂದು ಸುತ್ತು ಬಿಗಿ ಮಾಡಿದರು. "ಅದು ಗೆಡ್ಡೆ ಅಲ್ಲ ಕಣೇ, ಔಷಧಿ."